ಹಿಂದಿನ ಸೀಟಿನವರ ಸೊಂಟ

ನಿಮ್ಮ ಮನೆಯ ಕಾರಿನಲ್ಲಿ ನೀವು ಕುಳಿತುಕೊಳ್ಳುವುದು ಎಲ್ಲಿ? ಹೆಚ್ಚಿನ ಮನೆಗಳ ಉತ್ತರ ಒಂದೇ ಇರಬಹುದು. ಮುಂದೆ ಮನೆಯವರೋ ಮಗನೋ ಸ್ಟೇರಿಂಗ್ ಹಿಡಿದಿರುತ್ತಾರೆ, ಅವರ ಪಕ್ಕದಲ್ಲಿ ಇನ್ನೊಬ್ಬ ಗಂಡಸು. ಹಿಂದಿನ ಸೀಟಿನಲ್ಲಿ ಅತ್ತೆ, ನಾವು, ಮಕ್ಕಳು, ಕಾಲ ಬುಡದಲ್ಲಿ ತಿಂಡಿಯ ಚೀಲ. ಕಾರು ಹಂಪ್ ಹಾರಿದಾಗ ಮುಂದಿನವರು "ಅಷ್ಟೇನೂ ಆಗಲಿಲ್ಲವಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಸಣ್ಣ ಕಾರುಗಳಲ್ಲಿ ಹಿಂದಿನ ಸೀಟು ಇರುವುದು ಬಹುಪಾಲು ಹಿಂದಿನ ಚಕ್ರಗಳ ಅಕ್ಷದ ಹತ್ತಿರವೇ. ಎರಡು ಚಕ್ರಗಳ ನಡುವೆ ಕುಳಿತವರಿಗಿಂತ ಚಕ್ರದ ನೆತ್ತಿಯ ಮೇಲೆ ಕುಳಿತವರಿಗೆ ಏಟು ಜಾಸ್ತಿ. ಬಸ್ಸಿನ ಕೊನೆಯ ಸೀಟಿನಲ್ಲಿ ಪ್ರಯಾಣ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಠ ಮಾಡುವ ಟೀಚರಮ್ಮನಿಗೆ ಕಾರಿನ ಶಾಕ್ ಅಬ್ಸಾರ್ಬರ್ ವಿಚಾರ ಯಾಕೆ ಎಂದು ಕೇಳಬೇಡಿ. ನನಗೆ ಇದನ್ನು ಕಲಿಸಿದ್ದು ನನ್ನ ಅತ್ತೆಯವರ ಬೆನ್ನು. 2022ರಲ್ಲಿ ಅವರು ಬಸ್ಸಿನ ಹಿಂದಿನ ಸಾಲಿನಲ್ಲಿ ಕುಳಿತು ಬರುತ್ತಿದ್ದಾಗ ಬಸ್ಸು ಒಂದು ಹಂಪ್ ಮೇಲೆ ಎತ್ತಿ ಹಾಕಿತು. ಬೆನ್ನಿನಲ್ಲಿ ಚಳಕ್ ಎಂದಿತು ಎಂದರು, ಅಷ್ಟೆ. ಎರಡು ದಿನ ಎಣ್ಣೆ ತಿಕ್ಕಿ ನೋಡಿದೆವು, ಮೂರನೆಯ ದಿನ ಎಕ್ಸ್‌ರೇ ತೆಗೆಸಿದಾಗ ಬೆನ್ನುಮೂಳೆಯ ಒಂದು ಮಣಿ ಚಪ್ಪಟೆಯಾಗಿತ್ತು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಸವೆಯುವುದು ವೇಗವಾಗುತ್ತದೆ. ಹಾಗೆ ತೆಳುವಾದ ಎಲುಬಿಗೆ ಬೀಳುವುದೇ ಬೇಕಾಗಿಲ್ಲ, ಕುಳಿತಲ್ಲಿಂದ ಒಮ್ಮೆ ಎತ್ತಿ ಕುಕ್ಕಿದರೂ ಸಾಕು. ಡಾಕ್ಟರರು ಮೊದಲು ಕೇಳಿದ್ದೇ "ಹಿಂದಿನ ಸೀಟಿನಲ್ಲಿ ಕೂತಿದ್ದರಾ?" ಎಂದು. ಮೂರು ತಿಂಗಳು ಬೆಲ್ಟ್ ಕಟ್ಟಿಕೊಂಡಿದ್ದ ಅತ್ತೆಯವರು ಆಮೇಲೆ ಪ್ರಯಾಣವನ್ನೇ ಬಿಟ್ಟರು. ಮದುವೆ, ತೊಟ್ಟಿಲು, ಮರಣದ ಮನೆ, ಯಾವುದಕ್ಕೂ ಹೊರಡಲಿಲ್ಲ. ಅವರ ಅಕ್ಕ ಇರುವುದು ಸಕಲೇಶಪುರದಲ್ಲಿ, ಹಾಸಿಗೆ ಹಿಡಿದಿದ್ದಾರೆ. ಬಂಟ್ವಾಳದ ನಮ್ಮ ಮನೆಯಿಂದ ಅಲ್ಲಿಗೆ ಶಿರಾಡಿ ಘಾಟಿ ಹತ್ತಬೇಕು. ಘಾಟಿಗೆ ಕಾಂಕ್ರೀಟ್ ಬಿದ್ದಿದೆ, ಸರಿ. ಆದರೆ ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ಎಳೆದು ಆ ದಾರಿಯಲ್ಲಿ ಹೋಗುವವರನ್ನು ಹೇಗೆ ಕುಲುಕಿಸಿತೆಂದು ನಮ್ಮ ಕಡೆಯವರಿಗೆ ಗೊತ್ತಿದೆ. "ನಿನ್ನ ಕಾರಿನಲ್ಲಿ ಅಷ್ಟು ದೂರ ಬರಲು ನನ್ನಿಂದಾಗದು ಮಗಳೇ, ಅಕ್ಕನಿಗೆ ಫೋನಿನಲ್ಲೇ ಸಲಾಂ ಹೇಳುತ್ತೇನೆ" ಎಂದುಬಿಟ್ಟರು.

ನಮ್ಮದು 2012ರ ವ್ಯಾಗನ್ ಆರ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಕಳೆದ ವರ್ಷ ಅದಕ್ಕೆ ಸ್ವಲ್ಪ ಹಣ ಹಾಕುವ ಯೋಚನೆ ಮನೆಯಲ್ಲಿ ಎದ್ದಿತು. ಮಗನಿಗೆ ಅಲಾಯ್ ವೀಲ್ ಮತ್ತು ಅಗಲದ ಟಯರ್ ಬೇಕು. ಮನೆಯವರಿಗೆ ಹೊಸ ಸೀಟ್ ಕವರ್. ನಾನು "ಶಾಕಪ್ ಬದಲಿಸೋಣ" ಎಂದಾಗ ಇಬ್ಬರೂ ನನ್ನ ಮುಖ ನೋಡಿದರು. "ಉಮ್ಮಾ, ಅದು ಯಾರಿಗೆ ಕಾಣಿಸುತ್ತದೆ?" ಎಂದು ಮಗ ಕೇಳಿದ. ಕಾಣಿಸುವುದಿಲ್ಲ, ನಿಜ!

ಇದು ಕೆಲಸ ಮಾಡುವ ಬಗೆ ನಮಗೆ ಅಡುಗೆಮನೆಯಿಂದಲೇ ತಿಳಿಯುತ್ತದೆ. ಕಾರಿನ ಭಾರ ಹೊರುವುದು ಶಾಕ್ ಅಬ್ಸಾರ್ಬರ್ ಎಂದು ಹಲವರು ತಿಳಿದಿದ್ದಾರೆ. ಅಲ್ಲ, ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗಿನ ಸ್ವಭಾವವೇನು? ಒಮ್ಮೆ ಅದುಮಿದರೆ ಮೇಲೆ ಹಾರುತ್ತದೆ, ಮತ್ತೆ ಕೆಳಗೆ, ಮತ್ತೆ ಮೇಲೆ. ಅದನ್ನು ಸುಮ್ಮನಿರಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದು ಎಣ್ಣೆ ತುಂಬಿದ ಕೊಳವೆ. ಒಳಗಿನ ಪಿಸ್ಟನ್‌ನಲ್ಲಿ ಸಣ್ಣ ಸಣ್ಣ ತೂತುಗಳು, ಅವಕ್ಕೆ ಕವಾಟಗಳು. ಚಕ್ಕುಲಿ ಒರಳನ್ನು ನೆನಪಿಸಿಕೊಳ್ಳಿ. ನಿಧಾನ ಒತ್ತಿದರೆ ಹಿಟ್ಟು ಇಳಿಯುತ್ತದೆ, ಗಡಿಬಿಡಿಯಲ್ಲಿ ಒತ್ತಿದರೆ ಕೈಯೇ ನೋಯುತ್ತದೆ. ಹಾಗೆಯೇ ಚಕ್ರ ಎಷ್ಟು ರಭಸದಿಂದ ಹಾರಿದರೆ ಎಣ್ಣೆ ಅಷ್ಟೇ ಜೋರಾಗಿ ತಡೆಯುತ್ತದೆ. ಆ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಹೊರಗೆ ಹೋಗುತ್ತದೆ. ಕೆಟ್ಟ ದಾರಿಯಲ್ಲಿ ಓಡಿ ಬಂದ ಕಾರಿನ ಶಾಕಪ್ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ.

ಎಣ್ಣೆ ಬಿಸಿಯಾಗಿ ಅಲುಗಾಡಿದಾಗ ಗಂಜಿಯಂತೆ ನೊರೆ ಬರುವುದುಂಟು. ನೊರೆಗೆ ತಡೆಯುವ ಶಕ್ತಿ ಎಲ್ಲಿಂದ? ಅದಕ್ಕಾಗಿಯೇ ಒಳಗೆ ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬುವ ಕ್ರಮ ಬಂತು. ಅದನ್ನೇ ಅಂಗಡಿಯವರು 'ಗ್ಯಾಸ್ ಶಾಕಪ್' ಎನ್ನುವುದು. ಫ್ರಾನ್ಸಿನ ದ ಕಾರ್ಬೊನ್ ಎಂಬವರ ಸಂಶೋಧನೆಯನ್ನು ಹಿಡಿದು ಜರ್ಮನಿಯ ಬಿಲ್‌ಸ್ಟೀನ್ ಕಂಪೆನಿ 1950ರ ದಶಕದಲ್ಲಿ ಒಂಟಿ ಕೊಳವೆಯ ಗ್ಯಾಸ್ ಶಾಕ್ ಅಬ್ಸಾರ್ಬರನ್ನು ಮಾರುಕಟ್ಟೆಗೆ ತಂದಿತು. ನಮ್ಮ ಮನೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಜೋಡಿ ಕೊಳವೆಯದು, ಒಂದರೊಳಗೆ ಇನ್ನೊಂದು, ಅನಿಲದ ಒತ್ತಡವೂ ಕಡಿಮೆ.

ಶಾಕಪ್ ಒಂದೇ ದಿನ ಕೆಡುವುದಿಲ್ಲ, ಹಲ್ಲು ಸವೆದಂತೆ ಸವೆಯುತ್ತದೆ. ದಿನವೂ ಓಡಿಸುವವರಿಗೆ ಅದು ಅಭ್ಯಾಸವಾಗಿಬಿಡುತ್ತದೆ. ನಿಂತ ಕಾರಿನ ಒಂದು ಮೂಲೆಯನ್ನು ಜೋರಾಗಿ ಅದುಮಿ ಬಿಡಿ. ಒಮ್ಮೆ ಎದ್ದು ನಿಂತುಬಿಟ್ಟರೆ ಒಳ್ಳೆಯದು, ಎರಡು ಮೂರು ಸಲ ತೂಗಿದರೆ ಅದರ ಕಾಲ ಮುಗಿಯಿತು. ಈ ಪರೀಕ್ಷೆ ಪಾಸಾದ ಮಾತ್ರಕ್ಕೆ ನೆಮ್ಮದಿಯೂ ಇಲ್ಲ, ಬಿಗಿದು ಕೂತ ಶಾಕಪ್ ಕೂಡ ತೂಗುವುದಿಲ್ಲ. ಚಕ್ರದ ಹಿಂದೆ ಬಗ್ಗಿ ನೋಡಿ, ಕೊಳವೆಯ ಮೇಲೆ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದೆಯೇ? ಟಯರಿನ ಮೇಲೆ ಅಂಗೈ ಸವರಿ, ಅಲ್ಲಲ್ಲಿ ತಗ್ಗು ಉಬ್ಬು ಸಿಗುತ್ತದೆಯೇ? ಬ್ರೇಕ್ ಹಾಕಿದಾಗ ಮೂಗು ಮುಗ್ಗರಿಸುತ್ತದೆಯೇ? ಇದು ಸೊಂಟದ ಮಾತು ಮಾತ್ರವಲ್ಲ. ಸವೆದ ಶಾಕಪ್ ಇರುವ ಕಾರಿನ ಟಯರು ಕೆಟ್ಟ ದಾರಿಯಲ್ಲಿ ನೆಲ ಬಿಟ್ಟು ಬಿಟ್ಟು ಹಾರುತ್ತದೆ. ನೆಲ ಮುಟ್ಟದ ಟಯರಿಗೆ ಬ್ರೇಕ್ ಹಾಕಿ ಪ್ರಯೋಜನವೇನು? ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಮಳೆಗಾಲದ ಘಾಟಿ ತಿರುವಿನಲ್ಲಿ ಆ ದೂರದ ಬೆಲೆ ಎಷ್ಟೆಂದು ನಾನು ಹೇಳಬೇಕಾಗಿಲ್ಲ.

ಮಗನ ಅಲಾಯ್ ವೀಲ್ ವಾದಕ್ಕೆ ಗ್ಯಾರೇಜಿನ ಹುಡುಗನೇ ಉತ್ತರ ಕೊಟ್ಟ. "ವೀಲ್ ದೊಡ್ಡದಾದರೆ ಟಯರಿನ ಗೋಡೆ ಗಿಡ್ಡವಾಗುತ್ತದೆ ಟೀಚರ್, ಆಗ ಅಜ್ಜಿಗೆ ಇನ್ನೂ ಜಾಸ್ತಿ ಪೆಟ್ಟು" ಎಂದ. ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್‌ಗಳನ್ನೂ ಯಾರೋ ಸೂಚಿಸಿದ್ದರು. ಕಡಿಮೆ ಖರ್ಚು, ಕಾರು ಎತ್ತರವೂ ಆಗುತ್ತದೆ ಎಂದು. ಕಾರು ಎತ್ತರವಾಗುವುದು ನಿಜ, ಆದರೆ ಸ್ಪ್ರಿಂಗ್ ಗಡುಸಾಗುತ್ತದೆ, ಸವೆದ ಶಾಕಪ್ ಸವೆದಂತೆಯೇ ಉಳಿಯುತ್ತದೆ. ಎಲುಬು ತೆಳುವಾದವರು ಕೂರುವ ಕಾರಿಗೆ ಅದು ಬೇಡವೇ ಬೇಡ. ರೇಸಿನವರು ಹಾಕುವ ದುಬಾರಿ ಗಡಸು ಶಾಕಪ್‌ಗೂ ಇದೇ ಮಾತು. ಅದು ತಿರುವಿನಲ್ಲಿ ವೇಗವಾಗಿ ಹೋಗುವವರಿಗೆ, ಹೊಂಡದ ದಾರಿಯಲ್ಲಿ ಅತ್ತೆಯನ್ನು ಕರೆದೊಯ್ಯುವವರಿಗಲ್ಲ.

ಹಾಗಾದರೆ 'ಅಪ್‌ಗ್ರೇಡ್' ಎಂದರೇನು? ಹಳೆಯ ಕಾರಿನ ಮಟ್ಟಿಗೆ, ಆ ಮಾದರಿಗೆಂದೇ ಮಾಡಿದ ಒಳ್ಳೆಯ ಕಂಪೆನಿಯ ಹೊಸ ಶಾಕಪ್ ಹಾಕಿಸುವುದೇ ದೊಡ್ಡ ಅಪ್‌ಗ್ರೇಡ್ ಎಂಬುದು ನನ್ನ ತೀರ್ಮಾನ. ಮೊದಲು ಬರೀ ಎಣ್ಣೆಯದು ಇದ್ದರೆ, ಅದೇ ಅಳತೆಯ ಗ್ಯಾಸಿನದು ಸಿಕ್ಕರೆ ಹಾಕಿಸಬಹುದು. ನಮ್ಮ ದೇಶದಲ್ಲಿ ಗೇಬ್ರಿಯಲ್ ಇಂಡಿಯಾ 1961ರಲ್ಲೇ ಶುರುವಾದ ಕಂಪೆನಿ; ಮನ್ರೋ, ಕೆವೈಬಿ ಹೆಸರುಗಳನ್ನೂ ಅಂಗಡಿಯಲ್ಲಿ ಕೇಳುತ್ತೀರಿ. ನಕಲಿ ಮಾಲೂ ಇದೆ, ಆದ್ದರಿಂದ ಬಿಲ್ ಇಲ್ಲದೆ ತೆಗೆದುಕೊಳ್ಳಬೇಡಿ. ಹಳೆಯದಕ್ಕೇ ಎಣ್ಣೆ ತುಂಬಿ ಬಣ್ಣ ಬಳಿದು ಕೊಡುವವರೂ ಇದ್ದಾರೆ, ನಾವು ಆ ದಾರಿ ಹಿಡಿಯಲಿಲ್ಲ.

ಒಂದು ಬದಿಯದು ಮಾತ್ರ ಸೋರಿದ್ದರೂ ಮುಂದಿನ ಜೋಡಿ, ಹಿಂದಿನ ಜೋಡಿ ಎಂದು ಜೊತೆಯಾಗಿಯೇ ಬದಲಿಸಬೇಕು. ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಸವೆದದ್ದು ಹಾಕಿ ನಡೆಯಲಾದೀತೇ? ಮುಂದಿನ ಶಾಕಪ್ ಸ್ಪ್ರಿಂಗಿನೊಂದಿಗೆ ಒಂದೇ ಕಂಬದಂತೆ ಕೂಡಿಕೊಂಡಿರುತ್ತದೆ. ಅದನ್ನು ಬಿಚ್ಚುವಾಗ ಮೇಲಿನ ರಬ್ಬರ್ ಮೌಂಟ್, ಬೇರಿಂಗ್, ಧೂಳಿನ ಕವಚ ಇವನ್ನೂ ನೋಡಿಬಿಡಬೇಕು, ಇಲ್ಲದಿದ್ದರೆ ಆರು ತಿಂಗಳಲ್ಲಿ ಅದೇ ಕೆಲಸಕ್ಕೆ ಮತ್ತೆ ಕೂಲಿ. ಆ ಸ್ಪ್ರಿಂಗನ್ನು ಬಿಗಿದು ಹಿಡಿಯುವ ಸಾಧನವಿಲ್ಲದೆ ಬಿಚ್ಚಿದರೆ ಪ್ರಾಣಕ್ಕೇ ಅಪಾಯ. ಯಾವುದೋ ವಿಡಿಯೋ ನೋಡಿ ಮನೆಯಂಗಳದಲ್ಲಿ ಮಾಡಹೊರಡುವ ಮಕ್ಕಳನ್ನು ತಡೆಯಿರಿ. ಟಕ್ ಟಕ್ ಸದ್ದು ಮಾತ್ರ ಇದ್ದರೆ ತಪ್ಪು ಶಾಕಪ್‌ನದ್ದಾಗಿರದೆ ಯಾವುದೋ ಲಿಂಕ್ ಅಥವಾ ಬುಷ್‌ನದ್ದಾಗಿರಬಹುದು, ಅದು ಅಗ್ಗದ ಕೆಲಸ. ಟಯರಿಗೆ ಗಾಳಿ ಹೆಚ್ಚಾಗಿದ್ದರೂ ಕಾರು ಕುಕ್ಕುತ್ತದೆ. ಚಾಲಕನ ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಬೇಕೆಂದು ಬರೆದಿರುತ್ತದೆ. ಮೊದಲು ಇವನ್ನು ನೋಡಿ, ಆಮೇಲೆ ಪರ್ಸ್ ತೆರೆಯಿರಿ.

ನಾಲ್ಕು ಶಾಕಪ್, ಮುಂದಿನ ಎರಡು ಮೌಂಟ್, ಕೂಲಿ, ಕೊನೆಗೆ ವೀಲ್ ಅಲೈನ್‌ಮೆಂಟ್ ಎಲ್ಲ ಸೇರಿ ನಮಗೆ 12,600 ರೂ. ಆಯಿತು. ಸೀಟ್ ಕವರಿನ ಹಣವೂ ಅಲಾಯ್ ವೀಲಿನ ಹಣವೂ ಅದಕ್ಕೇ ಹೋಯಿತು. ಮಗ ಒಂದು ವಾರ ಮುಖ ಊದಿಸಿಕೊಂಡಿದ್ದ. ಹೊಸತು ಹಾಕಿದ ಮೇಲೆ ಕಾರು ತೊಟ್ಟಿಲಾಗುತ್ತದೆ ಎಂದು ನೀವು ಭಾವಿಸಿದರೆ ಅದು ಸರಿಯಲ್ಲ. ಮೊದಲ ದಿನ ಸ್ವಲ್ಪ ಬಿಗಿ ಎಂದೇ ಅನಿಸಿತು. ಹೊಂಡ ಹೊಂಡವೇ, ಪೆಟ್ಟು ಪೆಟ್ಟೇ. ಬದಲಾದದ್ದು ಏನೆಂದರೆ ಆ ಪೆಟ್ಟು ಒಂದಕ್ಕೇ ನಿಲ್ಲುತ್ತದೆ. ಹಿಂದೆ ಎದ್ದು ಬಿದ್ದು ಎದ್ದು ಬಿದ್ದು ಆಗುತ್ತಿದ್ದದ್ದು ಹೋಯಿತು.

ಹಂಪ್‌ಗಳ ವಿಷಯದಲ್ಲಿ ಮಾತ್ರ ಯಾವ ಶಾಕಪ್ಪೂ ಸಾಲದು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯಂತೆ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಕಾರು 25 ಕಿ.ಮೀ. ವೇಗದಲ್ಲಿ ಮೆಲ್ಲಗೆ ದಾಟುವಂತಿರಬೇಕು. ನಮ್ಮ ಊರಿನ ಗಲ್ಲಿಗಳಲ್ಲಿ ರಾತ್ರೋರಾತ್ರಿ ಏಳುವ ಗೋಡೆಗಳಿಗೂ ಇದಕ್ಕೂ ಏನು ಸಂಬಂಧ! ಅಲ್ಲಿ ಉಪಾಯ ಒಂದೇ, ವೇಗ ಇಳಿಸುವುದು.

ನವೆಂಬರಿನಲ್ಲಿ ಸಕಲೇಶಪುರಕ್ಕೆ ಹೊರಟೆವು. ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆವು, ಸೊಂಟಕ್ಕೊಂದು ಸಣ್ಣ ದಿಂಬು. ಹಿಂದಿನ ಸೀಟಿಗೆ ಹೋಗಬೇಕಾಗಿ ಬಂದದ್ದು ಮಗನಿಗೆ. ದಾರಿಯುದ್ದಕ್ಕೂ ಅವನ ಅಪ್ಪನಿಗೆ "ಮೆಲ್ಲ, ಮೆಲ್ಲ" ಎನ್ನುತ್ತಿದ್ದವನು ಅವನೇ. ಘಾಟಿಯ ತಿರುವುಗಳಲ್ಲಿ ಅತ್ತೆಯವರಿಗೆ ವಾಂತಿ ಬಂತು, ಅದಕ್ಕೆ ಶಾಕಪ್ಪಿನಲ್ಲಿ ಮದ್ದಿಲ್ಲ. ಎರಡು ಸಲ ಇಳಿಸಿ ನಡೆಸಿದೆವು. ಆದರೆ ಬೆನ್ನು ನೋವೆನ್ನಲಿಲ್ಲ. ಅಕ್ಕ ತಂಗಿ ಮೂರು ದಿನ ಒಂದೇ ಕೋಣೆಯಲ್ಲಿ ಮಲಗಿ ಮಾತಾಡಿದರು. ಏನು ಮಾತಾಡಿದರೋ, ನಾವು ಬಾಗಿಲ ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು.