ಕಾಡಂಚಿನ ಕೋವಿ ಮತ್ತು ಅದರ ಈಡು

'ಈಡು' ಎಂಬುದು ಕನ್ನಡದ ಅರ್ಥಸಂಪನ್ನವಾದ ಶಬ್ದಗಳಲ್ಲೊಂದು. ಸಾಲಕ್ಕೆ ಒತ್ತೆಯಾಗಿ ಇಟ್ಟ ವಸ್ತು ಈಡು. ಸರಿಸಮಾನವಾದುದು ಈಡು. ಕೋವಿಯ ನಳಿಗೆಗೆ ತುಂಬುವ ಮದ್ದು ಮತ್ತು ಗುಂಡುಗಳೂ ಈಡು. ಪಟ್ಟಣವಾಸಿಗಳಿಗೆ ಮೊದಲ ಎರಡು ಅರ್ಥಗಳು ಪರಿಚಿತ. ಮೂರನೆಯದನ್ನು ಅರಿಯಬೇಕಾದರೆ ಮೈಸೂರು ಜಿಲ್ಲೆಯ ಪಶ್ಚಿಮದ ಸೀಮೆಗೆ ಹೋಗಬೇಕು. ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳು ಕಾವೇರಿ, ಲಕ್ಷ್ಮಣತೀರ್ಥ, ಕಪಿಲಾ ನದಿಗಳ ನೀರುಂಡ ನೆಲ. ಈಚೆಗೆ ಸಾಲಿಗ್ರಾಮ, ಸರಗೂರುಗಳು ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಉಳಿದಿವೆ. ಸುಗ್ಗಿಯ ಕಾಲದಲ್ಲಿ ನಾವು ಈ ಸೀಮೆಯಲ್ಲಿ ಸಂಚರಿಸಿದಾಗ ಹೊಲ, ಕಾಡು, ಕೋವಿ ಈ ಮೂರರ ಸಂಬಂಧವನ್ನು ಕುರಿತು ತಿಳಿದುಬಂದ ಸಂಗತಿಗಳನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲು ಕೃಷ್ಣರಾಜನಗರ. ಇದರ ಪೂರ್ವದ ಊರು ಎಡತೊರೆ. 1924ರ ಕಾವೇರಿಯ ಮಹಾಪ್ರವಾಹದ ಅನಂತರ ಎತ್ತರದ ನೆಲದಲ್ಲಿ ಹೊಸ ಪಟ್ಟಣ ಕಟ್ಟಲ್ಪಟ್ಟು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಪಡೆಯಿತು. ಎಡತೊರೆಯ ಅರ್ಕೇಶ್ವರ, ಚುಂಚನಕಟ್ಟೆಯ ಜಲಪಾತ, ಸಂಕ್ರಾಂತಿಯ ವೇಳೆಗೆ ಅಲ್ಲಿ ಸೇರುವ ದನಗಳ ಜಾತ್ರೆ ಇವು ನಾಡಿಗೆಲ್ಲ ಪ್ರಸಿದ್ಧ. ಇದು ನಾಲೆಯ ನೀರಿನ ಭತ್ತದ ಸೀಮೆ. ಕಾಡು ದೂರ. ಇಲ್ಲಿಯ ರೈತನಿಗೆ ಹಕ್ಕಿಗಳನ್ನು ಎಬ್ಬಿಸಲು ಕವಣೆಕಲ್ಲು, ತಗಡಿನ ಡಬ್ಬ, ಬೆದರುಬೊಂಬೆಗಳೇ ಸಾಕು. ಎದುರಾಳಿಯನ್ನು ಅರಿತು ಆಯುಧವನ್ನು ಆರಿಸಬೇಕೆಂಬ ಪಾಠ ಇಲ್ಲಿಂದಲೇ ಆರಂಭವಾಗುತ್ತದೆ. ಗಿಳಿಯ ಹಿಂಡಿಗೆ ಕೋವಿ ಎತ್ತುವವನನ್ನು ಈ ಸೀಮೆಯಲ್ಲಿ ಯಾರೂ ಜಾಣನೆನ್ನುವುದಿಲ್ಲ.

ಪಶ್ಚಿಮಕ್ಕೆ ನಡೆದಂತೆ ನೆಲ ಏರುತ್ತದೆ, ಕಾಡು ಸಮೀಪಿಸುತ್ತದೆ. ಪಿರಿಯಾಪಟ್ಟಣ ಚೆಂಗಾಳ್ವ ಅರಸರ ರಾಜಧಾನಿಯಾಗಿದ್ದ ಊರು. 1640ರ ದಶಕದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಸೈನ್ಯ ಈ ಕೋಟೆಯನ್ನು ಹಿಡಿಯಿತು. ಸಮೀಪದ ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವಿದೆ. ಆಕಾಶದ ಸಿಡಿಲು ದೇವರ ಹೆಸರಿಗೇ ಸೇರಿಕೊಂಡ ಈ ನೆಲದಲ್ಲಿ ಮನುಷ್ಯ ಮಾಡಿದ ಸಿಡಿಲೂ ಬಹುವಾಗಿ ಮೊಳಗಿದೆ. 1799ರ ಮಾರ್ಚ್ 6ರಂದು ಟಿಪ್ಪು ಸುಲ್ತಾನನ ಪಡೆ ಪಿರಿಯಾಪಟ್ಟಣದ ಪಶ್ಚಿಮಕ್ಕೆ, ಕೊಡಗಿನ ಗಡಿಯ ಸಿದ್ಧೇಶ್ವರದ ಕಾಡಿನಲ್ಲಿ, ಮುಂಬಯಿಯಿಂದ ಬಂದ ಇಂಗ್ಲಿಷರ ಸೈನ್ಯದ ಮೇಲೆ ಬಿದ್ದಿತು. ಕೊಡಗಿನ ದೊಡ್ಡವೀರರಾಜೇಂದ್ರ ಇಂಗ್ಲಿಷರ ಪಕ್ಷದಲ್ಲಿದ್ದನು. ದಟ್ಟ ಮೆಳೆಗಳ ನಡುವೆ ಗಂಟೆಗಟ್ಟಲೆ ನಡೆದ ಕಾದಾಟದಲ್ಲಿ ಟಿಪ್ಪುವಿನ ಪಡೆ ಹಿಂದೆಗೆಯಬೇಕಾಯಿತು. ಎರಡು ತಿಂಗಳು ತುಂಬುವ ಮೊದಲೇ, ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು.

ಆ ದಿನ ಎರಡೂ ಪಕ್ಷಗಳ ಕಾಲಾಳುಗಳ ಕೈಯಲ್ಲಿದ್ದುದು ಒಂದೇ ಜಾತಿಯ ಆಯುಧ: ಬಾಯಿಯಿಂದ ಮದ್ದು ತುಂಬುವ, ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವ, ಒಳಗೆ ಸುರುಳಿಗೆರೆಗಳಿಲ್ಲದ ನುಣುಪು ನಳಿಗೆಯ ತುಪಾಕಿ. ಇಂಗ್ಲಿಷರ ತುಪಾಕಿಯ ನಳಿಗೆಯ ಒಳಗಲ ಸುಮಾರು ಮುಕ್ಕಾಲು ಅಂಗುಲ. ಗುಂಡು ಮಾತ್ರ ಅದಕ್ಕಿಂತ ಸುಮಾರು ಒಂದೂವರೆ ಮಿಲಿಮೀಟರಿನಷ್ಟು ಕಿರಿದು. ಒಂದು ಪೌಂಡು ಸೀಸಕ್ಕೆ ಹದಿನಾಲ್ಕರಷ್ಟು ಗುಂಡುಗಳು. ಈ ಸಡಿಲವನ್ನು ಬೇಕೆಂದೇ ಉಳಿಸುತ್ತಿದ್ದರು. ಕರಿಮದ್ದು ಸುಟ್ಟಾಗ ನಳಿಗೆಯೊಳಗೆ ಮಸಿ ಕಟ್ಟುತ್ತದೆ. ಗುಂಡು ಬಿಗಿಯಾಗಿದ್ದರೆ ಕೆಲವು ಈಡುಗಳ ಅನಂತರ ಅದು ಒಳಗಿಳಿಯುವುದೇ ಇಲ್ಲ. ಸಡಿಲಾಗಿದ್ದರೆ ಬೇಗ ತುಂಬಬಹುದು. ಆದರೆ ಗುಂಡು ನಳಿಗೆಯಲ್ಲಿ ಅತ್ತಿತ್ತ ತಾಗುತ್ತ ಹೊರಟು, ನೂರು ಗಜ ದಾಟುವುದರೊಳಗೆ ಗುರಿ ತಪ್ಪುತ್ತದೆ. ವೇಗ ಬೇಕೆಂದರೆ ಗುರಿಯನ್ನು ಬಿಡಬೇಕು, ಗುರಿ ಬೇಕೆಂದರೆ ವೇಗವನ್ನು ಬಿಡಬೇಕು. ಸಾಲುಗಟ್ಟಿ ಒಟ್ಟಿಗೆ ಹೊಡೆಯುವ ಸೈನ್ಯ ವೇಗವನ್ನು ಆರಿಸಿತು. ಒಂದೇ ಒಂದು ಈಡಿನ ಅವಕಾಶವಿರುವ ಹೊಲದ ಕಾವಲುಗಾರನ ಲೆಕ್ಕ ಬೇರೆ.

ಮದ್ದಿನ ಮೂಲವಸ್ತುಗಳು ಮೂರು: ಪೆಟ್ಲುಪ್ಪು, ಗಂಧಕ, ಇದ್ದಲು. ಗಂಧಕ ಹೊರಗಿನಿಂದ ಬರಬೇಕಾಗಿದ್ದ ಸರಕು. ಪೆಟ್ಲುಪ್ಪು ಮಾತ್ರ ನಮ್ಮ ಹಳ್ಳಿಗಳ ಹಾಳುಮಣ್ಣಿನಲ್ಲೇ ಹುಟ್ಟುತ್ತಿತ್ತು. ಹಳೆಯ ಹಟ್ಟಿಗಳ, ಪಾಳುಬಿದ್ದ ಊರುಗಳ ಚೌಳುಮಣ್ಣನ್ನು ನೀರಿನಲ್ಲಿ ನೆನೆಸಿ, ಸೋಸಿ, ಕಾಯಿಸಿ ಅದನ್ನು ತೆಗೆಯುತ್ತಿದ್ದರು. ದನಕರುಗಳು ಕಟ್ಟಿದ ನೆಲವೇ ದೊರೆಗಳ ತುಪಾಕಿಗೆ ಬಲ ಕೊಟ್ಟಿತೆಂಬುದು ವಿಚಾರಾರ್ಹ. ಹುಣಸೂರಿನ ಚರಿತ್ರೆಯೂ ಇದಕ್ಕೆ ಒತ್ತಾಗಿಯೇ ಇದೆ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲದಲ್ಲಿ 'ಅಮೃತ ಮಹಲ್' ಆಯಿತು. ಆ ತಳಿಯ ಎತ್ತುಗಳು ಫಿರಂಗಿಗಳನ್ನೂ ಮದ್ದಿನ ಗಾಡಿಗಳನ್ನೂ ಎಳೆದುವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ದನಗಳು ಇಂಗ್ಲಿಷರ ಕೈಸೇರಿದಾಗ ಹುಣಸೂರು ಅವುಗಳ ಮುಖ್ಯ ಠಾಣೆಯಾಯಿತು. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನುಗಳೂ ಅಲ್ಲಿ ತಯಾರಾಗುತ್ತಿದ್ದುವು.

ಕಾಲ ಕಳೆದಂತೆ ಸೈನ್ಯಗಳು ಬಾಯಿತುಂಬುವ ತುಪಾಕಿಯನ್ನು ಬಿಟ್ಟುವು, ರೈತ ಬಿಡಲಿಲ್ಲ. ಚಕಮಕಿ ಕಲ್ಲಿನ ಸ್ಥಾನಕ್ಕೆ ಕೇಪು ಬಂದಿತು, 'ಕೇಪಿನ ಕೋವಿ' ಎಂಬ ಹೆಸರಾಯಿತು. 1959ರ ಆಯುಧ ಕಾಯಿದೆಯೂ ಇದನ್ನು ಹೆಸರಿಸಿದೆ. ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಗೆ ಪರವಾನಗಿ ಕೊಡುವ ವಿಧಿ ಅದರ 13ನೆಯ ಕಲಮಿನಲ್ಲಿದೆ. ನಾಗರಹೊಳೆಯ ಅಂಚಿನ ಹಳ್ಳಿಗಳಲ್ಲಿ ಇಂಥ ಕೋವಿಗಳು ಇಂದಿಗೂ ಇವೆ. ಆಯುಧಪೂಜೆಯ ದಿನ ನೇಗಿಲಿನ ಪಕ್ಕದಲ್ಲಿ ಅವಕ್ಕೂ ವಿಭೂತಿ ಏರುತ್ತದೆ. ಚುನಾವಣೆ ಬಂದಾಗ ಪೊಲೀಸು ಠಾಣೆಗೆ ಹೋಗಿ ಒಪ್ಪಿಸಬೇಕು. ಬೆಳೆ ನಿಂತಿರುವಾಗಲೇ ಕೋವಿ ಠಾಣೆಯಲ್ಲಿರುವುದು ರೈತರ ನಿತ್ಯದ ಅಳಲು.

ಈ ಕೋವಿಯ ಈಡಿನಲ್ಲಿ ಹಿರಿಯರು ಮೂರು ಬಗೆಗಳನ್ನು ಹೇಳುತ್ತಾರೆ. ಬರೀ ಮದ್ದು ಹಾಕಿ, ಮೇಲೆ ನಾರನ್ನು ತುರುಕಿ ಹೊಡೆಯುವುದು ಒಂದು, ಇದು ಸದ್ದಿಗೆ. ಸಣ್ಣ ಸೀಸದ ಕಾಳುಗಳಾದ ಚರೆಯನ್ನು ತುಂಬುವುದು ಎರಡನೆಯದು. ಚರೆ ಹರಡಿಕೊಂಡು ಹೋಗುವುದರಿಂದ ಹತ್ತಿರದಲ್ಲಿ ಪ್ರಬಲ, ದೂರದಲ್ಲಿ ದುರ್ಬಲ. ಒಂದೇ ಗುಂಡನ್ನು ತುಂಬುವುದು ಮೂರನೆಯದು. ಯಾವ ಈಡಾದರೂ ಮದ್ದಿಗೂ ಮೇಲಿನ ವಸ್ತುವಿಗೂ ನಡುವೆ ಜಾಗ ಉಳಿಯಕೂಡದು. ಉಳಿದರೆ ನಳಿಗೆ ಒಡೆದು ಹೊಡೆದವನ ಕೈಯನ್ನೇ ತೆಗೆದೀತು. ತುಂಬಿದ್ದನ್ನು ಮರೆತು ಮತ್ತೊಮ್ಮೆ ತುಂಬಿದರೂ ಅದೇ ಗತಿ. ಆದುದರಿಂದಲೇ ಗಜದ ಕೋಲನ್ನು ಇಳಿಬಿಟ್ಟು, ಅದು ಎಷ್ಟು ಹೊರಗುಳಿಯಿತೆಂಬುದನ್ನು ನೋಡಿ, ನಳಿಗೆ ಬರಿದೋ ತುಂಬಿದೆಯೋ ಎಂದು ತಿಳಿಯುವ ಪದ್ಧತಿ ಬಂದಿತು. ಮದ್ದು ಹೆಚ್ಚಿದಷ್ಟೂ ಗುಣ ಹೆಚ್ಚೆಂಬುದು ಹುಡುಗುಬುದ್ಧಿ. ಹೆಚ್ಚಿನ ಮದ್ದು ಚರೆಯನ್ನು ಚದುರಿಸುತ್ತದೆ, ಭುಜವನ್ನು ಒದೆಯುತ್ತದೆ, ಹಳೆಯ ಕಬ್ಬಿಣವನ್ನು ಸೀಳುತ್ತದೆ.

ಇನ್ನು ಹೆಗ್ಗಡದೇವನಕೋಟೆ. ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧವಾಗಿತ್ತು. ನೂರಾರು ಮಂದಿ ತಮಟೆ, ಪಂಜು, ಬರೀ ಮದ್ದಿನ ಈಡುಗಳಿಂದ ಆನೆಯ ಹಿಂಡನ್ನು ಕಪಿಲೆಯ ದಡದ ಖೆಡ್ಡಾಕ್ಕೆ ಅಟ್ಟುತ್ತಿದ್ದರು. ಆನೆಯನ್ನು ಕೊಲ್ಲುವುದಲ್ಲ, ತಿರುಗಿಸುವುದು ಅಲ್ಲಿಯ ಉದ್ದೇಶ. ಆದ್ದರಿಂದ ಗುಂಡಿಲ್ಲದ ಈಡೇ ಅಲ್ಲಿ ಮುಖ್ಯ. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಹಳೆಯ ಕಾಕನಕೋಟೆಯ ನೆಲ ಬಹುಪಾಲು ನೀರಿನಡಿಯಾಯಿತು.

ಆದರೆ ಸದ್ದಿನ ಈಡಿಗೂ ಮಿತಿಯುಂಟು. ದಸರೆಯ ಆನೆಗಳು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತವೆ. ಮೈಸೂರು ಸೇರಿದ ಮೇಲೆ ಅವುಗಳ ಎದುರಿನಲ್ಲೇ ಕುಶಾಲುತೋಪಿನ ತಾಲೀಮು ನಡೆಯುತ್ತದೆ. ಆ ಫಿರಂಗಿಗಳೂ ಬಾಯಿಯಿಂದ ತುಂಬುವಂಥವೇ, ಅವುಗಳಲ್ಲಿಯೂ ಗುಂಡಿಲ್ಲ. ಮೊದಲ ದಿನ ಬೆದರಿದ ಆನೆ ನಾಲ್ಕಾರು ತಾಲೀಮುಗಳಲ್ಲಿ ಕಿವಿಯಾಡಿಸುತ್ತ ನಿಲ್ಲುತ್ತದೆ. ಪಳಗಿದ ಆನೆ ಕಲಿಯುವುದನ್ನು ಕಾಡಿನ ಆನೆ ಕಲಿಯದೆ ಇದ್ದೀತೆ? ಸದ್ದಿನ ಹಿಂದೆ ಏನೂ ಇಲ್ಲವೆಂದು ತಿಳಿದ ಸಲಗ ರಾಗಿಯ ಹೊಲದಲ್ಲಿ ನಿಶ್ಚಿಂತೆಯಿಂದ ಮೇಯುತ್ತದೆ.

ರೈತನ ಪರೀಕ್ಷೆಯ ಗಳಿಗೆ ಅದೇ. ಹೊಲದಲ್ಲಿರುವುದು ಒಂದು ವರ್ಷದ ದುಡಿಮೆ, ಬ್ಯಾಂಕಿನ ಸಾಲ, ಮಗಳ ಮದುವೆ. ಸಂಸಾರವೇ ಅಲ್ಲಿ ಈಡಾಗಿ ಇದೆ. ಚರೆಯ ಈಡು ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಆದರೆ ಹಂದಿಗೆಂದು ತುಂಬಿದ ಚರೆ ಆನೆಯನ್ನು ಕೊಲ್ಲಲಾರದು. ಚರ್ಮದಡಿ ಕುಳಿತು ಕೀವುಗಟ್ಟಿಸುತ್ತದೆ. ನೋವುಂಡ ಆನೆ ಹೊಡೆದವನನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಮರುದಿನ ಬೆಳಗ್ಗೆ ಹಾಲು ಹಾಕಲು ಹೊರಟವನೋ, ಸೌದೆಗೆ ಹೋದ ಹೆಂಗಸೋ ಅದರ ಕೋಪಕ್ಕೆ ಈಡಾಗುತ್ತಾರೆ. ಬೆಳೆ ರಕ್ಷಣೆಯ ಪರವಾನಗಿ ವನ್ಯಮೃಗವನ್ನು ಕೊಲ್ಲುವ ಪರವಾನಗಿಯಲ್ಲವೆಂಬುದನ್ನೂ ಮರೆಯಬಾರದು. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಮಾಡಿದ್ದನ್ನಷ್ಟೇ ಕಾನೂನು ಮನ್ನಿಸುತ್ತದೆ.

ಕಾಡಂಚಿನ ಒಂದು ಮನೆಯ ಜಗಲಿಯಲ್ಲಿ ವೃದ್ಧ ರೈತರೊಬ್ಬರನ್ನು ನಾವು ಕೇಳಿದೆವು: "ಯಜಮಾನರೇ, ರಾತ್ರಿ ಕಾವಲಿಗೆ ಹೋಗುವಾಗ ಯಾವ ಈಡು ತುಂಬುತ್ತೀರಿ?" ಅವರು ನಕ್ಕು, "ಬರೀ ಮದ್ದು ಸ್ವಾಮಿ. ಚರೆ ಮನೇಲೇ ಇರ್ತದೆ. ಕೈಲಿದ್ರೆ ಕೋಪ ಬಂದಾಗ ಹೊಡೆಯೋಣ ಅನ್ನಿಸ್ತದೆ, ಆಮೇಲೆ ಎತ್ಕೊಂಡು ಬರೋಕಾಗ್ತದಾ?" ಎಂದರು. ಆನೆ ಹೆದರದಿದ್ದರೆ ಏನು ಮಾಡುತ್ತೀರೆಂದು ಕೇಳಿದ್ದಕ್ಕೆ, "ಅಟ್ಟಣೆ ಮೇಲೆ ಕೂತು ನೋಡ್ತೀನಿ. ಬೆಳೆ ಹೋದ್ರೆ ಮುಂದಿನ ವರ್ಷ ಬೆಳೀಬಹುದು" ಎಂದರು. ಆ ಮಾತಿನಲ್ಲಿ ವೈರಾಗ್ಯದ ಸೋಗಿರಲಿಲ್ಲ. ಹೋದ ಬೆಳೆಯ ಸಂಕಟ ಕಣ್ಣಿನಲ್ಲಿ ಸ್ಪಷ್ಟವಾಗಿಯೇ ಇತ್ತು.

ಆ ಸಂಕಟವನ್ನು ಅವರೊಬ್ಬರ ತಲೆಗೇ ಬಿಡುವುದು ನ್ಯಾಯವಲ್ಲ. ಕಂದಕ, ಸೌರಬೇಲಿ, ವೀರನಹೊಸಹಳ್ಳಿಯ ಕಡೆ ಹಾಕಿರುವ ರೈಲುಹಳಿಯ ತಡೆ ಇವೆಲ್ಲ ಕೋವಿಗಿಂತ ಉತ್ತಮವಾದ ಕಾವಲುಗಳು. ಆದರೆ ಕಂದಕದ ಹೂಳನ್ನು ಕಾಲಕಾಲಕ್ಕೆ ತೆಗೆಯಬೇಕು, ಬೇಲಿಯ ತಂತಿಗೆ ತಾಗುವ ಬಳ್ಳಿಯನ್ನು ಕಡಿಯಬೇಕು, ನಷ್ಟವಾದ ಬೆಳೆಯ ಪರಿಹಾರ ಮುಂದಿನ ಬಿತ್ತನೆಗೆ ಮೊದಲೇ ಕೈಸೇರಬೇಕು. ಇದರಲ್ಲಿ ಸರ್ಕಾರದ ಪಾಲಿದೆ, ಊರಿನ ಒಗ್ಗಟ್ಟಿನ ಪಾಲೂ ಇದೆ. ಪರಿಹಾರದ ಅರ್ಜಿ ಬರೆಯಲು ಬಾರದ ನೆರೆಯವನಿಗೆ ಒಂದು ಅರ್ಜಿ ಬರೆದುಕೊಡುವುದು ಊರಿನ ಓದಿದ ಮಕ್ಕಳಿಂದ ಆಗದ ಕೆಲಸವೇನಲ್ಲ. ಆ ಸೀಮೆಯ ನಮ್ಮ ವಾಚಕ ಕುಟುಂಬಗಳು ಈ ಸುಗ್ಗಿಯಲ್ಲಿಯೇ ಅದನ್ನು ಆರಂಭಿಸಲಿ.