ಏರಿಯ ಮೇಲಿನ ಸಭೆ

ಎಪ್ಪತ್ತರ ದಶಕದಲ್ಲಿ, ನಾನು ಹುಡುಗನಾಗಿದ್ದಾಗ, ನಮ್ಮೂರಲ್ಲಿ ಕೆರೆಗೊಂದು ಸಂಘವಿತ್ತು. ಅದನ್ನು ಸಂಘ ಅಂತ ಯಾರೂ ಕರೆಯುತ್ತಿರಲಿಲ್ಲ, ಅಷ್ಟೇ. ಊರು ಕೋಲಾರ ತಾಲ್ಲೂಕಿನದು, ನರಸಾಪುರದ ಕಡೆಯದು. ಕೆರೆಯಲ್ಲಿ ಎಷ್ಟು ನೀರು ನಿಂತಿದೆ ಅನ್ನುವುದು ಗೊತ್ತಾದ ಮೇಲೆ ಅಚ್ಚುಕಟ್ಟಿನಲ್ಲಿ ಗದ್ದೆ ಇದ್ದವರೆಲ್ಲ ಏರಿಯ ಮೇಲೆ ಕೂರುತ್ತಿದ್ದರು. ಈ ಸಲ ಭತ್ತವೋ ರಾಗಿಯೋ, ತೂಬು ಎತ್ತುವುದು ಯಾವತ್ತು, ಯಾರ ಗದ್ದೆಗೆ ಯಾವ ಪಾಳಿ, ಎಲ್ಲ ಒಂದು ಮಧ್ಯಾಹ್ನದಲ್ಲಿ ತೀರ್ಮಾನವಾಗುತ್ತಿತ್ತು. ನೀರು ಕಮ್ಮಿ ಇದ್ದ ವರ್ಷ ಎಲ್ಲರೂ ಅರ್ಧ ಗದ್ದೆಗೆ ಮಾತ್ರ ನಾಟಿ ಹಾಕಬೇಕು. ಮಾತು ಮೀರಿ ಹಾಕಿದವರ ಪೈರಿಗೆ ನೀರಿಲ್ಲ.

ನೀರು ಬಿಡುತ್ತಿದ್ದವರು ನೀರುಗಂಟಿ. ಮುಳುಗಿ ಹೋಗಿ ತೂಬಿನ ಬಿರಡೆ ಎತ್ತುತ್ತಿದ್ದರು, ರಾತ್ರಿಯೆಲ್ಲ ಗುದ್ದಲಿ ಹಿಡಿದು ಕಾಲುವೆಯ ಮೇಲೆ ಓಡಾಡುತ್ತಿದ್ದರು. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವರಿಗೆ ಆಯದ ಕಾಳು ಹೋಗುತ್ತಿತ್ತು. ಏರಿಯ ಮೇಲಿನ ಸಭೆಯಲ್ಲಿ ಮಾತ್ರ ಅವರಿಗೆ ಜಾಗವಿರಲಿಲ್ಲ. ಏರಿಯ ಕೆಳಗೆ ನಿಂತು, ಮೇಲಿದ್ದವರು ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದರು. ನನ್ನ ತಾತನ ವಯಸ್ಸಿನ ಮನುಷ್ಯ. ಹತ್ತು ವರ್ಷದ ನಾನೂ ಅವರನ್ನು ಹೆಸರು ಹಿಡಿದು ಏಕವಚನದಲ್ಲೇ ಕೂಗುತ್ತಿದ್ದೆ, ಯಾರೂ ತಪ್ಪು ಅನ್ನಲಿಲ್ಲ. ನಾಟಿ, ಕಳೆ ಎಲ್ಲ ಹೆಂಗಸರದೇ ಕೆಲಸ. ಅವರು ಏರಿಯ ಕೆಳಗೂ ಇರುತ್ತಿರಲಿಲ್ಲ. ಹಿಂದಿನ ಕಾಲದ ಒಗ್ಗಟ್ಟು ಅಂತ ಯಾರಾದರೂ ಮಾತು ತೆಗೆದಾಗ ನನಗೆ ಕಣ್ಣಿಗೆ ಕಟ್ಟುವುದು ಏರಿಯ ಆ ಮೇಲು ಕೆಳಗು.

ಹಾಗಂತ ಆ ಸಭೆ ಸುಮ್ಮನೆ ನಡೆಯುತ್ತಿರಲಿಲ್ಲ. ನಮ್ಮ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ಮಳೆ ಬಂದಾಗ ಹರಿಯುತ್ತವೆ. 1892ರ ಒಪ್ಪಂದದ ಪ್ರಕಾರ ಇಂಥ ನದಿಗಳಿಗೆ ಹೊಸ ಜಲಾಶಯ ಕಟ್ಟಬೇಕಾದರೆ ಮೈಸೂರು ಸರ್ಕಾರ ಮದ್ರಾಸಿನ ಒಪ್ಪಿಗೆ ಕೇಳಬೇಕಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ನೋಡಿದರೂ ಹಳೆಯ ಕೆರೆಗಳೇ ಗತಿ. ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವ ಸಾಲು ಕೆರೆಗಳು. ಒಂದೂರು ಹೆಚ್ಚು ಕಮ್ಮಿ ಮಾಡಿದರೆ ಕೆಳಗಿನೂರು ಒಣಗುತ್ತಿತ್ತು, ಇಲ್ಲ ಮುಳುಗುತ್ತಿತ್ತು.

ಬೋರು ಬಂದ ಮೇಲೆ ಏರಿಗೆ ಬರುವವರು ಕಮ್ಮಿಯಾದರು. ಮೋಟಾರು ಇದ್ದವರಿಗೆ ಪಾಳಿಯ ಹಂಗಿಲ್ಲ. ಬೋರಿನ ಆಳ ಇನ್ನೂರು ಅಡಿ ಇದ್ದದ್ದು ಸಾವಿರ ದಾಟಿತು. ಕೆರೆಗೆ ನೀರು ತರುವ ಕಾಲುವೆ ಒತ್ತುವರಿಯಾಯಿತು, ಮೇಲಿನ ಹೊಲಗಳಿಗೆ ನೀಲಗಿರಿ ಬಂತು, ಕೆರೆಯ ಅಂಗಳದಲ್ಲಿ ಜಾಲಿ ಬೆಳೆಯಿತು. ನೀರುಗಂಟಿಗೆ ಕಾಳು ಕೊಡುವುದು ಯಾವ ವರ್ಷ ನಿಂತಿತು ಅಂತ ಕೇಳಿದರೆ ಊರಲ್ಲಿ ಇವತ್ತು ಒಬ್ಬರಿಗೂ ನೆನಪಿಲ್ಲ.

2002ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಕೆರೆಗಳ ಯೋಜನೆ ಬಂತು. ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಒಂಬತ್ತು ಜಿಲ್ಲೆಗಳಲ್ಲಿ ಕೆಲಸ, ಕೋಲಾರವೂ ಅದರಲ್ಲೊಂದು. ಪ್ರತಿ ಕೆರೆಗೂ ಬಳಕೆದಾರರ ಸಂಘ ಅಂದರು. ನಮ್ಮೂರಲ್ಲೂ ಸಂಘವಾಯಿತು: ಬೋರ್ಡು, ಬ್ಯಾಂಕ್ ಖಾತೆ, ನಡವಳಿ ಪುಸ್ತಕ. ಹೂಳು ತೆಗೆಸಿದೆವು, ಏರಿಗೆ ಕಲ್ಲು ಕಟ್ಟಿಸಿದೆವು, ತೂಬಿಗೆ ಕಬ್ಬಿಣದ ಬಾಗಿಲು, ತಿರುಗಣೆ ಬಂತು. ಸಭೆ ಶಾಲೆಯಲ್ಲಿ. ನೀರುಗಂಟಿಯ ಸೊಸೆ ಮೊದಲ ಸಲ ಕುರ್ಚಿಯ ಮೇಲೆ ಕೂತು ಮಾತಾಡಿದ್ದು ಆ ಶಾಲೆಯ ಕೊಠಡಿಯಲ್ಲಿ. ಆ ಯೋಜನೆಯ ಬಗ್ಗೆ ಯಾರು ಏನೇ ಅಂದರೂ ನಾನು ಅದನ್ನು ನೆನೆಯುವುದು ಈ ಒಂದು ಕಾರಣಕ್ಕೆ. ಆದರೆ ಮಳೆ ಕೈಕೊಟ್ಟಿತು. ನೀರಿಲ್ಲದ ಕೆರೆಯ ಸಂಘಕ್ಕೆ ಜನ ಎಷ್ಟು ದಿನ ಬರುತ್ತಾರೆ? ನಡವಳಿ ಪುಸ್ತಕ ನಮ್ಮ ಮನೆಯ ಅಟ್ಟ ಸೇರಿತು.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿದ ನೀರು, ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳಿಗೆ ಎಂಬ ಲೆಕ್ಕ. ಮರು ತಿಂಗಳೇ ಅಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು. ಮುಂದೆ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ ಬಂತು. ಕೊನೆಗೆ ನೀರು ಹರಿಯಿತು, ನಮ್ಮ ಕೆರೆಗೂ ಬಂತು. ಬತ್ತಿದ್ದ ಬೋರುಗಳಲ್ಲಿ ಕೆಲವು ಮತ್ತೆ ನೀರು ಕೊಟ್ಟವು. ನಮ್ಮದೂ ಕೊಟ್ಟಿತು. ಕುಡಿಯುವುದಕ್ಕೆ ಮಾತ್ರ ಇವತ್ತಿಗೂ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ.

ಈ ನೀರು ಅಂತರ್ಜಲಕ್ಕೆ ಮಾತ್ರ, ಕೆರೆಯಿಂದ ನೇರವಾಗಿ ಹೊಲಕ್ಕೆ ಹಾಯಿಸುವಂತಿಲ್ಲ ಅನ್ನುವುದು ನಿಯಮ. ತುಂಬಿದ ಕೆರೆಯ ತೂಬು ಮುಚ್ಚಿಯೇ ಇರಬೇಕು. ನೆಲದೊಳಗೆ ಇಳಿದ ನೀರನ್ನು ಬೋರು ಇದ್ದವರು ಎತ್ತುತ್ತಾರೆ, ಇಲ್ಲದವರು ನೋಡುತ್ತಾರೆ. ನೆಲದೊಳಗಿನ ನೀರಿಗೆ ಯಾವ ಪಾಳಿ? ರಾತ್ರಿ ಕೆರೆಗೇ ಮೋಟಾರು ಇಳಿಸಿದವರೂ ಇದ್ದರು. ಕೇಳುವುದಕ್ಕೆ ಸಂಘವಿರಲಿಲ್ಲ.

2021ರ ನವೆಂಬರ್ ಮಳೆಗೆ ಕೆರೆ ಕೋಡಿ ಹೋಯಿತು. ರಾತ್ರಿ ಹತ್ತರ ಮೇಲೆ ಏರಿಯ ಬುಡದಲ್ಲಿ ನೀರು ಜಿನುಗುತ್ತಿದೆ ಅಂತ ಕೂಗು ಬಿತ್ತು. ಟಾರ್ಚು ಹಿಡಿದು ಓಡಿದೆವು. ಜೆಸಿಬಿ ತರಿಸಿ ಕೋಡಿ ಒಡೆಯೋಣ ಅಂದರು ಕೆಲವರು. ಒಡೆದರೆ ಕೆಳಗಿನೂರಿನ ಕೆರೆ ಉಳಿಯುವುದಿಲ್ಲ ಅಂದರು ಇನ್ನು ಕೆಲವರು. ತೂಬು ಎತ್ತೋಣವೆಂದರೆ ತಿರುಗಣೆ ತುಕ್ಕು ಹಿಡಿದು ಕದಲಲಿಲ್ಲ. ಅಷ್ಟರಲ್ಲಿ ನೀರುಗಂಟಿಯ ಮೊಮ್ಮಗ ಬಂದ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಇನ್ನೂ ಯೂನಿಫಾರಂ ಬಿಚ್ಚಿರಲಿಲ್ಲ. ಕೆಳಗಿಳಿದು ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ಟಾರ್ಚಿಗೆ ಒಡ್ಡಿದ.

"ತಿಳಿನೀರಾದ್ರೆ ಭಯ ಇಲ್ಲ, ಮಣ್ಣು ಕಲಸಿಕೊಂಡು ಬಂದ್ರೆ ಏರಿ ಒಳಗಿಂದ ಕೊಚ್ತಾ ಇದೆ ಅಂತ ತಾತ ಹೇಳೋರು. ಇದು ಕೆಂಪಗೈತೆ ಅಣ್ಣ."

ನೀರು ಬರುವ ಬಾಯಿ ಮುಚ್ಚಬೇಡಿ, ಮುಚ್ಚಿದರೆ ಇನ್ನೊಂದು ಕಡೆ ಒಡೆಯುತ್ತದೆ ಅಂದ. ಜಿನುಗುವ ಕಡೆ ಮರಳು, ಅದರ ಮೇಲೆ ಜಲ್ಲಿ, ಸುತ್ತ ಮರಳಿನ ಮೂಟೆ. ಬೆಳಗಿನ ಜಾವದ ಹೊತ್ತಿಗೆ ನೀರು ತಿಳಿಯಾಯಿತು. ಊರಲ್ಲಿ ಇಂಜಿನಿಯರಿಂಗ್ ಓದಿದವರಿದ್ದಾರೆ, ನಾನೂ ಮೇಷ್ಟ್ರಾಗಿ ನಿವೃತ್ತನಾದವನು. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ.

ಅಟ್ಟದಿಂದ ಪುಸ್ತಕ ಇಳಿಸಿದೆ. ಸಭೆ ಕರೆದಾಗ ಆ ಹುಡುಗನಿಗೇ ನೀರುಗಂಟಿ ಕೆಲಸ ವಹಿಸೋಣ ಅಂದರು. ಅವನು ಎದ್ದು ನಿಂತು ಹೇಳಿದ: "ತಾತನ ಹಂಗೆ ಕಣದ ಮುಂದೆ ಕೈಚಾಚಿ ನಿಲ್ಲಲ್ಲ. ತಿಂಗಳ ಸಂಬಳ ಕೊಡಿ. ಕೆರೆಗೆ ಮೋಟಾರು ಇಳಿಸಿದ್ರೆ ಯಾರದೇ ಆಗ್ಲಿ ಕಿತ್ತು ಹಾಕ್ತೀನಿ, ಅದನ್ನೂ ಬರ್ಕೊಳ್ಳಿ."

ಬರೆದುಕೊಂಡೆ. ಬೋರು ಇದ್ದವರೆಲ್ಲ ವಂತಿಗೆ ಕೊಡಬೇಕು, ವರ್ಷಕ್ಕೆರಡು ಸಲ ನೀರನ್ನು ಪರೀಕ್ಷೆಗೆ ಕಳಿಸಬೇಕು ಅಂತಲೂ ಬರೆದೆ. ವಂತಿಗೆಯ ವಿಷಯದಲ್ಲಿ ಜಗಳ ಇನ್ನೂ ಮುಗಿದಿಲ್ಲ, ನನ್ನ ಸ್ವಂತ ಅಣ್ಣನೇ ಕೊಟ್ಟಿಲ್ಲ. ಮುಂದಿನ ಸಭೆ ಶಾಲೆಯಲ್ಲಿ ಬೇಡ, ಏರಿಯ ಮೇಲೆ ಇಟ್ಟುಕೊಳ್ಳಿ ಅಂತ ಹುಡುಗನ ತಾಯಿ ಹೇಳಿದ್ದಾರೆ. ಅಷ್ಟರೊಳಗೆ ತೂಬಿನ ತಿರುಗಣೆಯ ತುಕ್ಕು ಬಿಡಿಸಿ ಗ್ರೀಸ್ ಹಾಕಿಸಬೇಕು.