ಅಮ್ಮನ ಆಪರೇಷನ್, ಭಾಗ 3: "ಬಸ್ಸಲ್ಲಿ ವಾಂತಿ ಆಗುತ್ತಾ?"

ಫೋಟೋದಲ್ಲಿರೋದು ಅಮ್ಮನ ಕೈ. ಹಿಡ್ಕೊಂಡಿರೋ ಪುಟ್ಟ ಕಪ್ಪಲ್ಲಿ 30 ಎಂಎಲ್ ನೀರಿದೆ. ಅಷ್ಟು ಕುಡಿಯೋಕೆ ಕಾಲು ಗಂಟೆ ತಗೊಂಡ್ಳು. (ಅವಳನ್ನ ಕೇಳಿಯೇ ಹಾಕಿದ್ದೀನಿ.)

ಹೊಸಬರಿಗೆ: ಅಮ್ಮನಿಗೆ ಆಗಿದ್ದು ತೂಕ ಇಳಿಸೋ ಸ್ಲೀವ್ ಸರ್ಜರಿ. ಜಠರದ ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನ ಬಾಳೆಕಾಯಿ ಥರ ಸಣ್ಣ ಕೊಳವೆ ಮಾಡಿ ಸ್ಟೇಪಲ್ ಹಾಕ್ತಾರೆ. "ಅನ್ನ ಬಿಟ್ಟಿದ್ರೆ ಸಾಕಿತ್ತಪ್ಪ" ಅಂದ ನೆಂಟರಿಗೆ ಭಾಗ 1ರಲ್ಲೇ ಉತ್ತರ ಕೊಟ್ಟಾಗಿದೆ.

ಹಿಂದಿನ ದಿನ ಶಿವಮೊಗ್ಗದ ಆಸ್ಪತ್ರೆಯಲ್ಲಿ ಅನಸ್ತೇಶಿಯಾ ಡಾಕ್ಟರ್ ಬಂದು ಕೇಳಿದ್ದೇನು ಗೊತ್ತಾ? "ಬಸ್ಸಲ್ಲಿ ವಾಂತಿ ಆಗುತ್ತೇನಮ್ಮಾ?" ಅಮ್ಮ "ಇಲ್ಲ ಮೇಡಂ" ಅಂದ್ಬಿಟ್ಲು! ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರೋಕೇ ಕಿಟಕಿ ಸೀಟು, ನಿಂಬೆಹಣ್ಣು, ಪ್ಲಾಸ್ಟಿಕ್ ಕವರ್ ಬೇಕು ಇವಳಿಗೆ. ಆಗುಂಬೆ ಘಾಟಿ ಕಥೆ ಕೇಳ್ಲೇಬೇಡಿ. ನಾನು ಮಧ್ಯೆ ಬಾಯಿ ಹಾಕಿ ಎಲ್ಲ ಹೇಳ್ದೆ. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಆಗಿ ಎರಡು ದಿನ ವಾಂತಿ ಮಾಡ್ಕೊಂಡಿದ್ದನ್ನೂ ಹೇಳ್ದೆ. ಅಮ್ಮ ಗುರಾಯಿಸಿದ್ಲು.

ಆಮೇಲೆ ಓದಿದೆ. 1999ರಲ್ಲಿ ಅಪ್ಫೆಲ್ ಅನ್ನೋ ಡಾಕ್ಟರ್ ಮತ್ತವರ ಸಂಗಡಿಗರು ಇದಕ್ಕೊಂದು ಲೆಕ್ಕ ಮಾಡಿದ್ದಾರೆ. ಹೆಂಗಸಾ? ಸಿಗರೇಟು ಸೇದದವರಾ? (ಹೌದು, ಸೇದದವರಿಗೇ ಜಾಸ್ತಿ. ಅದಕ್ಕಂತ ಶುರು ಮಾಡ್ಬೇಡಿ ಮಾರಾಯ್ರೆ.) ಬಸ್ಸಲ್ಲೋ ಹಿಂದಿನ ಆಪರೇಷನಲ್ಲೋ ವಾಂತಿ ಆಗಿತ್ತಾ? ಆಪರೇಷನ್ ಆದ್ಮೇಲೆ ಮಾರ್ಫಿನ್ ಜಾತಿಯ ನೋವಿನ ಔಷಧಿ ಬೇಕಾಗುತ್ತಾ? ನಾಲ್ಕೂ ಹೌದಾದ್ರೆ 100ಕ್ಕೆ ಸುಮಾರು 80 ಜನಕ್ಕೆ ವಾಕರಿಕೆ, ವಾಂತಿ. ಒಂದೂ ಇಲ್ದಿದ್ರೆ 10.

ನಮ್ಮ ಕಾಸ್ಟ್ ಅಕೌಂಟಿಂಗ್ ಭಾಷೆಯಲ್ಲಿ ಮೊದಲ ಮೂರು ಫಿಕ್ಸೆಡ್. ನಾಲ್ಕನೆಯದು ಮಾತ್ರ ವೇರಿಯಬಲ್. ಡಾಕ್ಟರ್ ಕೈ ಹಾಕಿದ್ದು ಅಲ್ಲಿಗೇ: ನೋವನ್ನ ಬೇರೆ ದಾರಿಯಲ್ಲಿ ತಡೆದ್ರೆ ಮಾರ್ಫಿನ್ ಥರದ್ದು ಕಮ್ಮಿ ಸಾಕು.

ಆ ದಾರಿಯ ಹೆಸರು ಟ್ಯಾಪ್ ಬ್ಲಾಕ್. ಹೊಟ್ಟೆಯ ಪಕ್ಕದ ಗೋಡೆಯಲ್ಲಿ ಸ್ನಾಯುಗಳು ಮೂರು ಪದರ ಇರ್ತವೆ. ಒಳಗಿನ ಎರಡರ ಮಧ್ಯೆ ನರಗಳು ಹಾದು ಹೋಗ್ತವೆ. ಅಲ್ಟ್ರಾಸೌಂಡಲ್ಲಿ ನೋಡ್ಕೊಂಡು, ಎರಡೂ ಕಡೆ ಅಲ್ಲಿಗೇ ಮರಗಟ್ಟಿಸೋ ಔಷಧಿ ಬಿಡ್ತಾರೆ. ಹಲ್ಲು ಕೀಳೋ ಮುಂಚೆ ಒಸಡಿಗೆ ಕೊಡ್ತಾರಲ್ಲ, ಅದರ ದೊಡ್ಡಣ್ಣ ಅಂದ್ಕೊಳ್ಳಿ. ಅಮ್ಮನಿಗೆ ಪ್ರಜ್ಞೆ ತಪ್ಪಿಸಿದ ಮೇಲೆ ಕೊಟ್ರು, ಸೂಜಿ ಗೊತ್ತೇ ಆಗಿಲ್ಲ.

ಪವಾಡ ಏನಲ್ಲ. ಹೊಲಿಗೆ ಹತ್ರ ನೋವಿಲ್ಲ ಅಂದ್ಲು, ಆದ್ರೆ ಭುಜ ಹಿಡ್ಕೊಂಡು ಕೂತ್ಲು. ಹೊಟ್ಟೆ ಆಪರೇಷನ್ನಿಗೆ ಭುಜ ಯಾಕೆ ನೋಯ್ಬೇಕು? ಹೆದರಿ ಸಿಸ್ಟರ್ ಹತ್ರ ಓಡಿದೆ. ಒಳಗೆ ಜಾಗ ಕಾಣೋಕೆ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿರ್ತಾರೆ. ಅದು ವಪೆಯನ್ನ ಕೆರಳಿಸುತ್ತೆ. ವಪೆಯ ನರ ಹೊರಡೋದು ಕುತ್ತಿಗೆಯಿಂದ, ಹಾಗಾಗಿ ನೋವು ಭುಜದಲ್ಲಿ ಅನ್ಸುತ್ತೆ. ಬ್ಲಾಕ್ ಮರಗಟ್ಟಿಸೋದು ಹೊಟ್ಟೆಯ ಗೋಡೆಯನ್ನ ಮಾತ್ರ. ಭುಜಕ್ಕಾಗಲಿ ಒಳಗಿನ ಜಠರಕ್ಕಾಗಲಿ ಅದು ತಲುಪಲ್ಲ. ವಾಕರಿಕೆಗೆ ಒಂಡಾನ್ಸೆಟ್ರಾನ್ ಬೇರೆ ಕೊಟ್ರು. ಸಂಜೆ ವಾರ್ಡಲ್ಲಿ ನಡೆಸಿದ್ರು.

ರಾತ್ರಿ ಎರಡಕ್ಕೆ ಎಚ್ಚರ ಆಯ್ತು. ಅಮ್ಮ ಕಣ್ಣು ಮುಚ್ಚಿದ್ಲು, ಆದ್ರೆ ಬೆಡ್‌ಶೀಟನ್ನ ಮುಷ್ಟಿಯಲ್ಲಿ ಹಿಡಿದಿದ್ಲು. ಬ್ಲಾಕ್ ಇಳೀತಿತ್ತು.

"ನೋವಾ ಅಮ್ಮ?"

"ಇಲ್ಲ ಕಣೇ, ಮಲ್ಕೋ."

ಬೆಲ್ ಒತ್ತಿದೆ. ಸಿಸ್ಟರ್ ಬಂದು "ಹತ್ತಕ್ಕೆ ಎಷ್ಟು ನೋವು?" ಅಂದ್ರು. "ಎರಡು" ಅಂದ್ಲು. ನಾನು ಸುಮ್ನೆ ಮುಖ ನೋಡ್ದೆ. ಸ್ವಲ್ಪ ಹೊತ್ತಾದ್ಮೇಲೆ, ಗೋಡೆ ಕಡೆ ತಿರುಗಿ: "ಏಳು."

ಇಂಜೆಕ್ಷನ್ ಕೊಟ್ರು. ಬೆಳಗಿನ ಜಾವ ಒಂದ್ಸಲ ಓಕರಿಕೆ ಬಂತು, ಹೊಟ್ಟೆಗೆ ದಿಂಬು ಒತ್ತಿ ಹಿಡ್ಕೊಂಡೆ. ಒಂದೇ ಸಲ. ಅಪೆಂಡಿಕ್ಸ್ ಸಲ ಎರಡು ದಿನ ಇತ್ತಲ್ವಾ? ಇದು ಬ್ಲಾಕಿಂದಾನಾ, ಒಂಡಾನ್ಸೆಟ್ರಾನಿಂದಾನಾ ಅಂತ ನಮ್ಮಮ್ಮ ಒಬ್ಬಳನ್ನ ನೋಡಿ ನಾನು ಹೇಳೋ ಹಾಗಿಲ್ಲ.

ಡಿಸ್ಚಾರ್ಜ್ ದಿನ ಭದ್ರಾವತಿಗೆ ಕಾರ್ ಮಾಡಿದ್ವಿ. ಬಿ.ಎಚ್. ರೋಡ್ ದಾಟೋ ಮುಂಚೆಯೇ ಅಮ್ಮ ಮುಂದಕ್ಕೆ ಬಗ್ಗಿ ಡ್ರೈವರ್‌ಗೆ ಹೇಳಿದ್ಲು: "ಸ್ವಲ್ಪ ನಿಧಾನ ಹೋಗಪ್ಪ. ನಂಗೆ ಗಾಡೀಲಿ ವಾಂತಿ ಆಗುತ್ತೆ."